ರಜೆ ಸಿಗದ ಮೆಕ್ಯಾನಿಕ್

ಆ್ಯಪ್ ಮಾಡ್ತೀವಿ, ದಾರಿ ಹೇಳಿ ಎಂದು ಬರುವವರಿಗೆ ಫ್ಯಾನ್ ರಿಪೇರಿ ಅಂಗಡಿಯ ಒಡತಿ ಹೆಚ್ಚು ಕೊರೆಯುವುದಿಲ್ಲ. ಒಂದೇ ಬೀದಿ ಹಿಡೀರಿ, ಒಂದೇ ಕೆಲಸ ಹಿಡೀರಿ, ಕೋಡ್ ಬರೆಯೋ ಮೊದಲು ನಾಲ್ಕು ಮನೆ ಬಾಗಿಲು ತಟ್ಟಿ ಬೈಸ್ಕೊಂಡು ಬನ್ನಿ ಅನ್ನುತ್ತಾಳೆ. ಆಮೇಲೆ ದನಿ ತಗ್ಗಿಸಿ, "ಇಲ್ಲದವರನ್ನ ಇದ್ದಾರೆ ಅಂತ ತೋರಿಸ್ಬೇಡಿ" ಅನ್ನುತ್ತಾಳೆ.

ಅವಳು ತೋರಿಸಿದ್ದಳು.

ಗುಂಡಿ ಒತ್ತಿದರೆ ಮೆಕ್ಯಾನಿಕ್ ಮನೆಗೆ ಬರುವ ಆ್ಯಪ್ ಅದು. ಶುರುವಿನಲ್ಲಿ ಕೈಲಿದ್ದವರು ಮೂವರೇ. ಪುಟ ಬೋಳುಬೋಳಾಗಿ ಕಾಣುತ್ತಿತ್ತು. ಇದೂ ಕೈಕೊಟ್ಟರೆ ಅಂಗಡಿಗೆ ಬೀಗ, ಅವಳೂ ಗಂಡ ಸತ್ತ ಅತ್ತಿಗೆಯೂ ಬೀದಿಪಾಲು. ಹಾಗಾಗಿ ಹಿಂದಿನ ವರ್ಷ ಏಣಿಯಿಂದ ಬಿದ್ದು ಸತ್ತ ಅಣ್ಣನ ಫೋಟೋವನ್ನು ನಾಲ್ಕನೆಯವನಾಗಿ ಅಂಟಿಸಿದಳು. ಪಕ್ಕದಲ್ಲಿ ಸದಾ 'ಇವತ್ತು ಬಿಡುವಿಲ್ಲ' ಎಂದು ಕಾಣುವಂತೆ ಮಾಡಿದಳು.

ಸ್ವಲ್ಪ ದಿನಕ್ಕೆ ಆ ಫೋಟೋದ ಕೆಳಗೆ ಯಾರೋ ಬರೆದರು: 'ಫ್ಯಾನ್ ಸರಿಯಾಯ್ತು. ನೀರು ಕೊಟ್ಟರೂ ಕುಡಿಯಲಿಲ್ಲ.' ಯಾವನೋ ಕಿಡಿಗೇಡಿ ಅಂದುಕೊಂಡಳು. ಇನ್ನೊಂದು ಬಂತು, ಮತ್ತೊಂದು ಬಂತು. ಅದನ್ನೆಲ್ಲ ಓದಿ ಬೀದಿಗೆ ಬೀದಿಯೇ ಆ್ಯಪ್ ಹಾಕಿಕೊಂಡಿತು. ಉಳಿದ ಮೂವರಿಗೂ ಕೈತುಂಬ ಕೆಲಸ. ಅಂಗಡಿಯ ಮೊಳೆಗೆ ನೇತುಹಾಕಿದ್ದ ಅಣ್ಣನ ಸ್ಕ್ರೂಡ್ರೈವರ್ ಮಾತ್ರ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಕೈಯಿಂದ ಇಳಿಸಿದ ಹಾಗೆ.

ತಡೆಯಲಾರದೆ ಮೊದಲು ಬರೆದವರ ಮನೆಗೆ ಹೋದಳು. ಬಾಗಿಲು ತೆಗೆದದ್ದು ಒಬ್ಬ ಅಜ್ಜಿ.

"ಅವನಾ? ಒಳ್ಳೆ ಹುಡುಗ ಕಣಮ್ಮ, ಮಾತೇ ಕಮ್ಮಿ. ಏಣಿ ಕೊಡ್ಲೇನಪ್ಪಾ ಅಂದೆ. ಇನ್ಮೇಲೆ ಏಣಿ ಬೇಡ ಅಂದ."

"ಮತ್ತೆ ಹೇಗೆ ಹತ್ತಿದ?"

"ನಾನೇನು ಕಾವಲು ಕೂತಿದ್ನಾ? ಅಡುಗೆಮನೆಯಿಂದ ಬರೋ ಹೊತ್ತಿಗೆ ಫ್ಯಾನ್ ತಿರುಗ್ತಿತ್ತು."

ಅವಳು ಸ್ಟೂಲ್ ಹತ್ತಿ ಫ್ಯಾನಿನ ಮೇಲಿನ ಮುಚ್ಚಳ ಸರಿಸಿದಳು. ವೈರನ್ನು ಎಡಕ್ಕೆ ತಿರುಚಿ, ತುದಿ ಮಡಚಿ, ಟೇಪು ಸುತ್ತಲಾಗಿತ್ತು. ಹಾಗೆ ಸುತ್ತುತ್ತಿದ್ದ ಎಡಗೈಯವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

ಮನೆಗೆ ಬಂದು ಎಲ್ಲ ಹೇಳಿದಾಗ ಅತ್ತಿಗೆ ಈರುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಅವನನ್ನ ತೆಗೆದ್ರೆ ಜನ ಬಿಟ್ಟು ಹೋಗ್ತಾರೆ ಅತ್ತಿಗೆ. ಅವನಿಂದ್ಲೇ ನಡೀತಿರೋದು."

"ಜ್ವರ ಅಂದ್ರೂ ಕೇಳ್ದೆ ಅವತ್ತು ಏಣಿ ಹತ್ತಿಸ್ದೆ. ಸತ್ತಮೇಲಾದ್ರೂ ರಜೆ ಕೊಡ್ತೀಯೋ ಇಲ್ವೋ? ನನ್ನ ಗಂಡನ್ನ ಪುಕ್ಕಟೆ ದುಡಿಸ್ಕೊಂಡು ಕಂಪನಿ ಕಟ್ತೀಯೇನೇ?"

ಅವಳು ಅಲ್ಲೇ ಕೂತು ಫೋಟೋ ಅಳಿಸಿದಳು. ಮರುದಿನ ಸ್ಕ್ರೂಡ್ರೈವರ್ ತಣ್ಣಗಿತ್ತು.

ಅರ್ಧಕ್ಕರ್ಧ ಜನ ಬಿಟ್ಟರು. ಬೋಳು ಪುಟ ಇಟ್ಟುಕೊಂಡೇ, ಆ ಮೂವರ ಬೆವರಿನ ಮೇಲೆ, ಕುಂಟುತ್ತಾ ಕಂಪನಿ ಉಳಿದುಕೊಂಡಿತು. ಯಾರಿಗೆ ಮೈ ಹುಷಾರಿಲ್ಲದಿದ್ದರೂ ಅವತ್ತು ಏಣಿ ಮುಟ್ಟುವ ಹಾಗಿಲ್ಲ. ಈಗಲೂ ಕೆಲವರು ಫೋನ್ ಮಾಡಿ, ಆ ಮಾತಾಡದವನನ್ನೇ ಕಳಿಸಿ ಅನ್ನುತ್ತಾರೆ.

"ರಜೆ ಮೇಲಿದ್ದಾನೆ" ಎಂದು ಅವಳು ಫೋನ್ ಇಡುತ್ತಾಳೆ. ಇಟ್ಟವಳು ಎದ್ದು ಹೋಗಿ ಸ್ಕ್ರೂಡ್ರೈವರ್ ಮುಟ್ಟಿ ನೋಡುತ್ತಾಳೆ.