ಗಾಲಿಯ ಮೇಲಿನ ಮೂರನೇ ಪಿಟೀಲು

ವುಡ್‌ಬ್ರಿಡ್ಜ್‌ನಲ್ಲಿ ನಾನು ಕೆಲಸ ಮಾಡುವ ಟೈಲ್ಸ್ ಗೋದಾಮಿನ ಮೇಲ್ವಿಚಾರಕರು ಕ್ಯೂಬಾದವರು. ಎಪ್ಪತ್ತು ದಾಟಿದ್ದರು. ಯಾರಾದರೂ ನಿವೃತ್ತಿಯ ಮಾತೆತ್ತಿದರೆ ಅವರಿಗೆ ಇದ್ದಕ್ಕಿದ್ದಂತೆ ಕಿವಿ ಕೇಳಿಸುತ್ತಿರಲಿಲ್ಲ. ನಾನು ಆಫೀಸಿನಲ್ಲಿ ಕೂತು ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ನೋಡಿಕೊಳ್ಳುವವಳು. ಒಂದು ದಿನ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು, ಧಾರವಾಡದಲ್ಲಿದ್ದಾಗ ಹನ್ನೆರಡು ವರ್ಷ ಪಿಟೀಲು ಕಲಿತಿದ್ದೆ ಎಂದುಬಿಟ್ಟೆ. ಅವರು ಬಾಯಿಯ ತನಕ ಒಯ್ದಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟರು.

“ಭಾನುವಾರ ಮಧ್ಯಾಹ್ನ ಏನು ಮಾಡುತ್ತೀ?”

“ಬಟ್ಟೆ ಒಗೆಯುತ್ತೇನೆ.”

“ಇನ್ನು ಮೇಲೆ ಶನಿವಾರ ಒಗೆ.”

ಹೀಗೆ ನಾನು ಅವರ ಚರಾಂಗಾ ಬ್ಯಾಂಡಿಗೆ ಸೇರಿದೆ. ಆಫ್ರಿಕಾದಿಂದ ಕ್ಯೂಬಾಕ್ಕೆ ಗುಲಾಮರನ್ನಾಗಿ ಎಳೆದೊಯ್ದ ಜನರ ತಾಳ, ಮೇಲೆ ಕೊಳಲು, ಪಿಟೀಲು, ಪಿಯಾನೊ: ಈ ಸಂಗೀತ ಇರುವುದೇ ಕುಣಿಯುವವರಿಗಾಗಿ. ಬ್ಯಾಂಡು ನಾನು ಹುಟ್ಟುವ ಮೊದಲಿನದು. ಶುರು ಮಾಡಿದವರಲ್ಲಿ ಉಳಿದವರು ಇವರೊಬ್ಬರೇ. ಮಿಕ್ಕವರೆಲ್ಲ ಒಬ್ಬರ ಜಾಗಕ್ಕೆ ಒಬ್ಬರು ಬಂದವರು. ಆಗ ಖಾಲಿ ಇದ್ದದ್ದು ಮೂರನೇ ಪಿಟೀಲಿನ ಜಾಗ.

ಆ ವರ್ಷ ಅತ್ತೆ ನಮ್ಮ ಮನೆಯಲ್ಲಿದ್ದರು. ಧಾರವಾಡದ ಓಣಿಯ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ತಾಳ ಹಿಡಿದವರು. ಅವರ ತಾಳ ತಪ್ಪಿದ್ದನ್ನು ಕಂಡವರಿಲ್ಲ, ಬೇರೆಯವರು ತಪ್ಪಿದರೆ ಸುಮ್ಮನಿದ್ದದ್ದನ್ನೂ ಕಂಡವರಿಲ್ಲ. ನಾನು ಪ್ರಾಕ್ಟೀಸಿಗೆ ಹೊರಟಾಗ ಅಡುಗೆಮನೆಯಿಂದಲೇ ಕೇಳಿದರು:

“ಎಲ್ಲಿಗೆ ಹೊಂಟೀಯವಾ?”

“ಚರಾಂಗಾಕ್ಕರೀ.”

“ಚರಂಡಿಗೆ? ರವಿವಾರ ದಿವಸ?”

ನನ್ನ ಗಂಡ ತಿದ್ದಿ ಹೇಳಲು ಹೋದ. ಪ್ರಯೋಜನವಾಗಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ಇವತ್ತಿಗೂ ಚರಂಡಿ ಬ್ಯಾಂಡೇ.

ಮೊದಲ ಪ್ರಾಕ್ಟೀಸಿನಲ್ಲಿ ಎರಡು ತೊಂದರೆ ಎದುರಾದವು. ನಾನು ಕಲಿತದ್ದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ನುಡಿಸುವುದನ್ನು. ಅಲ್ಲಿ ಎಲ್ಲರೂ ನಿಂತು ನುಡಿಸುತ್ತಿದ್ದರು. ನಿಂತು ಗದ್ದದ ಕೆಳಗೆ ಹಿಡಿದು ನೋಡಿದೆ. ಬೆಕ್ಕಿನ ಬಾಲ ತುಳಿದ ಹಾಗಾಯಿತು. ಹಾಗಾಗಿ ಗಾದಿ ಹಾಕಿ ನೆಲಕ್ಕೇ ಕೂತೆ. ಎರಡನೆಯದು ಅದಕ್ಕಿಂತ ಕಷ್ಟದ್ದು. ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಪುಟ್ಟ ಸಾಲು. ಅದನ್ನೇ ಮತ್ತೆ ಮತ್ತೆ ನುಡಿಸಬೇಕು. ಐದು ನಿಮಿಷ ನುಡಿಸಿದೆ. ಆರನೇ ನಿಮಿಷಕ್ಕೆ ಕೈ ತಡೆಯದೆ ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡ್ ಎಳೆದು, ಸಣ್ಣದೊಂದು ತಾನ್ ಬಿಟ್ಟೆ. ಬ್ಯಾಂಡು ನಿಂತಿತು.

“ಅದೇನದು?” ಎಂದರು ಮೇಲ್ವಿಚಾರಕರು.

“ಸ್ವಲ್ಪ ಬದಲಾಯಿಸಿದೆ.”

“ಯಾಕೆ?”

“ಇದು ಯಾವಾಗ ಬದಲಾಗುತ್ತೆ?” ಎಂದು ನಾನೇ ತಿರುಗಿ ಕೇಳಿದೆ.

“ಕುಣಿಯುವವರಿಗೆ ಸುಸ್ತಾದಾಗ. ಅಲ್ಲಿಯವರೆಗೆ ಏನೇ ಆಗಲಿ, ನಿಲ್ಲಿಸಬೇಡ.”

ನಾನು ಆ ಮಾತನ್ನು ವೇದವಾಕ್ಯದಂತೆ ತೆಗೆದುಕೊಂಡೆ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಅವರ ಡಾನ್ಸು ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಒಂದು ಹಳೆಯ ಕಟ್ಟಡದ ದೊಡ್ಡ ಹಾಲ್‌ನಲ್ಲಿ. ವೇದಿಕೆ ಇಲ್ಲ, ಹಾಲಿನ ಒಂದು ಮೂಲೆಯೇ ಬ್ಯಾಂಡಿನದು. ನಾನು ನೆಲಕ್ಕೆ ಕೂತರೆ ಯಾರಿಗೂ ಕಾಣುವುದಿಲ್ಲ, ಕುಣಿಯುವವರು ತುಳಿದರೂ ತುಳಿದಾರು. ಅದಕ್ಕೆ ಮೇಲ್ವಿಚಾರಕರು ಗೋದಾಮಿನಿಂದ ಟೈಲ್ ಪೆಟ್ಟಿಗೆ ಸಾಗಿಸುವ ಚಪ್ಪಟೆ ಟ್ರಾಲಿ ತಂದರು. ನಾಲ್ಕು ಗಾಲಿಯದು. ಮೇಲೆ ಜಮಖಾನ ಹಾಸಿ, ಮುಂದಿನ ಗಾಲಿಗಳಿಗೆ ಒಡೆದ ಟೈಲಿನ ಎರಡು ಚೂರು ಅಡ್ಡ ಕೊಟ್ಟರು. ನಾನು ಇಳಕಲ್ ಸೀರೆ ಉಟ್ಟು ಅದರ ಮೇಲೆ ಕೂತೆ. ಅತ್ತೆ ಕೂಡ ಬಂದಿದ್ದರು. ಗಂಡ ವಿಡಿಯೊ ಮಾಡಲು ಫೋನ್ ಹಿಡಿದು ನಿಂತಿದ್ದ.

ಎರಡು ಹಾಡು ಸರಿಯಾಗಿಯೇ ಆದವು. ಮೂರನೆಯದಕ್ಕೆ ಹಾಲಿನ ಜನವೆಲ್ಲ ಎದ್ದರು. ಎಂಬತ್ತರ ಮುದುಕರು ಊರುಗೋಲನ್ನು ಕುರ್ಚಿಗೆ ಒರಗಿಸಿ ಕುಣಿಯಲು ಇಳಿದರು. ಮರದ ನೆಲ ನಡುಗತೊಡಗಿತು. ಟೈಲಿನ ಚೂರುಗಳು ಯಾವಾಗ ಸರಿದವೋ ತಿಳಿಯದು. ಕೊಳಲಿನವರು ನನ್ನ ಎಡಕ್ಕಿದ್ದರಲ್ಲ, ಈಗ ಯಾಕೆ ಹಿಂದಿದ್ದಾರೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು: ಹಾಲಿನ ನೆಲ ಅಡುಗೆಕೋಣೆಯ ಕಡೆಗೆ ಇಳಿಜಾರಾಗಿತ್ತು. ನಾನು ಹೊರಟಿದ್ದೆ.

ನಿಲ್ಲಿಸಬೇಡ ಎಂದಿದ್ದರಲ್ಲ, ನಿಲ್ಲಿಸಲಿಲ್ಲ. ಟ್ರಾಲಿಗೂ ಅವಸರವಿರಲಿಲ್ಲ, ಮದುವೆ ಮೆರವಣಿಗೆಯಂತೆ ಸಾಗಿತು. ಕುಣಿಯುತ್ತಿದ್ದವರು ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಒಬ್ಬ ಅಜ್ಜ ಟೋಪಿ ತೆಗೆದು ಬಗ್ಗಿದ. ನಾನೂ ತಲೆ ಬಾಗಿಸಿ ನುಡಿಸುತ್ತಲೇ ಮುಂದೆ ಹೋದೆ. ಊಟದ ಮೇಜಿನ ಬಳಿ ನಿಂತಿದ್ದ ಹೆಂಗಸೊಬ್ಬಳು ನನ್ನನ್ನು ಏನೆಂದುಕೊಂಡಳೋ, ಹಾದುಹೋಗುವಾಗ ತನ್ನ ಎಂಜಲು ಪ್ಲೇಟನ್ನು ಟ್ರಾಲಿಯ ಮೇಲೆ ಇಟ್ಟಳು. ಅವಳನ್ನು ನೋಡಿ ಇನ್ನಿಬ್ಬರು ಇಟ್ಟರು. ಒಬ್ಬರು ಗ್ಲಾಸೂ ಇಟ್ಟರು.

ಅತ್ತೆ ಆ ಮೇಜಿನ ತುದಿಯಲ್ಲಿ ನಿಂತು, ಕಡುಬಿನಂಥದ್ದೊಂದನ್ನು ಮುರಿದು ಒಳಗೆ ಮಾಂಸವಿದೆಯೇ ಎಂದು ಪರೀಕ್ಷಿಸುತ್ತಿದ್ದರು. ನಾನು ಎದುರಿಗೆ ಬಂದಾಗ ಕಾಲು ಅಡ್ಡ ಕೊಟ್ಟು ಟ್ರಾಲಿ ನಿಲ್ಲಿಸಿದರು.

“ಎಲ್ಲಿಗವಾ?”

“ಗೊತ್ತಿಲ್ಲರೀ ಅತ್ತಿ. ಬಾರಸೂದು ನಿಲ್ಲಸಬ್ಯಾಡ ಅಂದಾರ.”

“ಹಂಗಾರ ಬಾರಸು. ಮಾರಿ ಮ್ಯಾಲೆ ಮಾಡು.”

ಕಡುಬನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಾಲಿಯನ್ನು ಬ್ಯಾಂಡಿನ ಕಡೆಗೆ ತಿರುಗಿಸಿ, ನನ್ನ ಹಿಂದೆ ಬಂದು ನೂಕಿದರು. ಸುಮ್ಮನೆ ನೂಕಲಿಲ್ಲ. ತಾಳಕ್ಕೆ ಸರಿಯಾಗಿ ಎರಡು ಹೆಜ್ಜೆ ಮುಂದೆ, ಒಂದು ಕ್ಷಣ ತಡೆದು, ಮತ್ತೆ ಎರಡು ಹೆಜ್ಜೆ. ಅವರ ಹಿಂದೆ ಟೋಪಿಯ ಅಜ್ಜ ಸೇರಿಕೊಂಡ. ಅವನ ಹಿಂದೆ ಪ್ಲೇಟು ಇಟ್ಟವಳು. ನಾವು ಬ್ಯಾಂಡಿನ ಮೂಲೆಗೆ ಮರಳುವ ಹೊತ್ತಿಗೆ ಹಾಲಿನ ಅರ್ಧ ಜನ ಅತ್ತೆಯ ಹಿಂದೆ ಸಾಲುಗಟ್ಟಿ ಕುಣಿಯುತ್ತಿದ್ದರು. ಚಪ್ಪಾಳೆಯೋ ಚಪ್ಪಾಳೆ. ಗಂಡ ಅಷ್ಟನ್ನೂ ವಿಡಿಯೊ ಮಾಡಿದ್ದ. ಮನೆಗೆ ಬಂದು ನೋಡಿದರೆ ನಾಲ್ಕು ನಿಮಿಷವೂ ಅವನ ಹೆಬ್ಬೆರಳು.

ನನಗೆ ಮಾತ್ರ ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ. ಸೋಮವಾರ ಗೋದಾಮಿನಲ್ಲಿ ಕ್ಷಮೆ ಕೇಳಿದೆ. ಮುಂದಿನ ತಿಂಗಳು ಗಾಲಿ ಇಲ್ಲದ ಹಲಗೆ ತರುತ್ತೇನೆ ಎಂದೆ. ಮೇಲ್ವಿಚಾರಕರು ಗಾಬರಿಯಾದರು.

“ಹಲಗೆಯೇ? ಯಾಕೆ?”

“ಮತ್ತೆ ಹಾಗಾಗಬಾರದಲ್ಲ.”

ಅವರು ನನ್ನನ್ನು ಪೆಟ್ಟಿಗೆಗಳ ಮೇಲೆ ಕೂರಿಸಿ ತಿಳಿಹೇಳಿದರು. ಎರಡನೇ ಹಾಡಿನ ನಡುವೆ ಕುಣಿಯುವವರೆಲ್ಲ ಎಡಕ್ಕೆ ತಿರುಗುತ್ತಾರಲ್ಲ, ಅದು ಇದಕ್ಕೂ ಮೊದಲು ಕುಣಿಯುತ್ತಿದ್ದ ಹಾಲಿನಲ್ಲಿ ಬಲಕ್ಕೊಂದು ಕಂಬವಿದ್ದುದರಿಂದ. ಆ ಹಾಲೂ ಇಲ್ಲ, ಕಂಬವೂ ಇಲ್ಲ. ಪಿಯಾನೊದವರು ಒಂದು ಕಡೆ ಜೋರಾಗಿ ಸೀನುತ್ತಾರಲ್ಲ, ಅದು ಅವರಿಗಿಂತ ಹಿಂದೆ ಆ ಜಾಗದಲ್ಲಿದ್ದವರಿಗೆ ನಿಜವಾಗಿ ಬಂದ ಸೀನು. ಇವರಿಗೆ ಶೀತವೇ ಇಲ್ಲ.

“ನಾನು ಸತ್ತ ಮೇಲೂ ಇವರು ಎಡಕ್ಕೇ ತಿರುಗುತ್ತಾರೆ,” ಎಂದು ಹೆಮ್ಮೆಯಿಂದ ಹೇಳಿದರು. “ಈಗ ನಿನ್ನದೂ ಒಂದಾಯಿತು. ಟ್ರಾಲಿ ಮುಟ್ಟಬೇಡ.”

ನಗುತ್ತಾ ಆಫೀಸಿಗೆ ಬಂದು ಕೂತು, ಲಾರಿಗಳ ಪಟ್ಟಿ ತೆರೆದಿಟ್ಟು ನನ್ನ ಪಿಟೀಲನ್ನೇ ನೆನೆದೆ. ಹನ್ನೆರಡು ವರ್ಷ ಕಲಿತು, ನಡುವೆ ಹದಿನೈದು ವರ್ಷ ಪೆಟ್ಟಿಗೆಯಲ್ಲೇ ಬಿಟ್ಟಿದ್ದ ಪಿಟೀಲು ಅದು. ಅದಕ್ಕೆ ಎಲ್ಲೋ ಒಂದು ಜಾಗ ಸಿಕ್ಕಿತ್ತು, ಗಾಲಿಯ ಮೇಲಾದರೂ.

ಅತ್ತೆ ಇದ್ದಷ್ಟು ದಿನ ಪ್ರತಿ ತಿಂಗಳೂ ನೂಕಿದರು. ಅಲ್ಲಿನ ಹೆಂಗಸರಿಗೆ ಸೆರಗು ಸಿಕ್ಕಿಸುವುದನ್ನು ಕಲಿಸಿದರು. ಸೆರಗಿಲ್ಲದವರು ಸ್ಕಾರ್ಫ್ ಸಿಕ್ಕಿಸಿಕೊಂಡರು. ಅವರು ಧಾರವಾಡಕ್ಕೆ ಮರಳಿದ ಮೇಲೆ ಆ ಕೆಲಸ ಗಂಡನ ಪಾಲಿಗೆ ಬಂತು. ಅವನು ಕಾಸ್ಟ್‌ಕೊ ಅಂಗಡಿಯಲ್ಲಿ ಸಾಮಾನಿನ ಕಾರ್ಟು ನೂಕಿದಂತೆ ನೂಕುತ್ತಾನೆ. ಟೋಪಿಯ ಅಜ್ಜ ಪ್ರತಿ ಸಲವೂ ನನ್ನ ಹತ್ತಿರ ಬಂದು, ಅಮ್ಮ ಯಾವಾಗ ಬರುತ್ತಾರೆ ಎಂದು ಕೇಳುತ್ತಾನೆ.

ಕಳೆದ ವಾರ ಅತ್ತೆಯ ಫೋನ್ ಬಂತು.

“ಈಗ ಯಾರು ನೂಕಾಕತ್ತಾರ?”

“ನಿಮ್ಮ ಮಗಾರೀ.”

ಆ ಕಡೆ ತಾಳಗಳನ್ನು ಕೆಳಗಿಟ್ಟ ಸದ್ದು ಕೇಳಿಸಿತು.

“ಅಂವಗ ಸಣ್ಣಾಂವಿದ್ದಾಗಿಂದ ತಾಳ ಇಲ್ಲ,” ಎಂದರು. “ಟಿಕೇಟ್ ತಗಸ್ರಿ.”