ಬಾಯಿಲ್ಲದ ಪೆಟ್ಟಿಗೆ

ನಮ್ಮ ಯಜಮಾನರು ಮುರುಗೇಶ್, ಮಹಾ ಹಠಮಾರಿ. ಹಿರಿಯೂರಿನಲ್ಲಿ ನಮ್ಮದು ಮದುವೆ ವಿಡಿಯೋ ಅಂಗಡಿ. ಅವರು ಚಿತ್ರ ತೆಗೆಯುತ್ತಾರೆ, ನಾನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುತ್ತೇನೆ. ಊರೆಲ್ಲ ಪೆನ್‌ಡ್ರೈವಿನಲ್ಲಿ ಮದುವೆ ಕೊಡುವಾಗ ಇವರೊಬ್ಬರು ಚಿತ್ರ ಕನ್ನಡಿಯಂತೆ ಸ್ಪಷ್ಟ ಕಾಣುತ್ತದೆಂದು ಬ್ಲೂ-ರೇ ಡಿಸ್ಕು ಹಿಡಿದು ಕೂತಿದ್ದಾರೆ. ನೋಡಿದರೆ ಮೈ ಉರಿಯುತ್ತದೆ.

ಹಠಕ್ಕೆ ಕಾರಣವೂ ಇದೆ. ಹಿಂದೆ ಬ್ಲೂ-ರೇ, ಎಚ್‌ಡಿ ಡಿವಿಡಿ ಎಂಬ ಎರಡು ಹೊಸ ಡಿಸ್ಕುಗಳು ಜಿದ್ದಿಗೆ ಬಿದ್ದಿದ್ದವು. ಯಾವುದು ಉಳಿಯುತ್ತದೋ ತಿಳಿಯದೆ ಚಿತ್ರದುರ್ಗದ ದೊಡ್ಡ ಸ್ಟುಡಿಯೋದವರೂ ಕೈಕಟ್ಟಿ ಕೂತಿದ್ದರು. ಇವರು ಮಾತ್ರ, "ಬ್ಲೂ-ರೇ ಗೆಲ್ತೈತೆ ನೋಡು. ಅದನ್ನ ಓಡ್ಸೋ ಯಂತ್ರ, ಟಿವಿಗೆ ಹಾಕಿ ವಿಡಿಯೋ ಗೇಮ್ ಆಡ್ತಾರಲ್ಲ, ಆ ಆಟದ ಪೆಟ್ಟಿಗೆ ಒಳಗೇ ಐತೆ. ಇನ್ನೊಂದಕ್ಕೆ ಬೇರೆ ಯಂತ್ರ ತಂದು ಸಿಗಿಸ್ಬೇಕು. ಹುಡುಗ್ರು ಆಟಕ್ಕೆ ಅಂತ ತರಿಸ್ತಾರೆ, ಸಿನಿಮಾ ಯಂತ್ರ ತಾನಾಗೇ ಮನೆಗೆ ಬರ್ತೈತೆ" ಎಂದರು. ಹಾಗೇ ಆಯಿತು. ಹೊಸದುರ್ಗ, ಹೊಳಲ್ಕೆರೆಯಿಂದಲೂ ಆಟದ ಪೆಟ್ಟಿಗೆ ಇದ್ದವರು ನಮ್ಮನ್ನೇ ಹುಡುಕಿಕೊಂಡು ಬಂದರು. ಅಂದಿನಿಂದ ಯಾರ ಮಾತೂ ಇವರ ಕಿವಿಗೆ ಹೋಗುತ್ತಿಲ್ಲ.

ಈ ಸಲ ಧರ್ಮಪುರದ ಶೇಂಗಾ ವ್ಯಾಪಾರಿ ಮೂರ್ತಪ್ಪನವರ ಮಗಳ ಮದುವೆ. ಅವರ ಮನೆಯಲ್ಲಿ ಡಿಸ್ಕು ಹಾಕುವ ಯಂತ್ರವಿರಲಿಲ್ಲ. "ಅಳಿಯಂಗೆ ಆಟದ ಪೆಟ್ಟಿಗೆ ಉಡುಗೊರೆ ಕೊಡ್ರಿ, ನಮ್ಮ ಡಿಸ್ಕೂ ಓಡ್ತೈತೆ" ಎಂದು ಇವರೇ ಹೇಳಿಬಂದರು.

"ಜತೆಗೊಂದು ಪೆನ್‌ಡ್ರೈವೂ ಕೊಟ್ಬಿಡ್ರಿ" ಎಂದೆ.

"ನನ್ನ ಚಿತ್ರ ಕುಗ್ಸಿ ಮಸುಕು ಮಾಡಿ ಕೊಡೋದಾದ್ರೆ ಅಂಗಡಿ ಮುಚ್ತೀನಿ, ಗಂಗಾ!"

ನಾನೇನು ಕಡಿಮೆಯೇ? ಮದುವೆ ಮುಗಿದ ಮೇಲೆ ಇವರಿಗೆ ಗೊತ್ತಾಗದಂತೆ, ಎಂಥ ಟಿವಿಗಾದರೂ ಒಗ್ಗಲೆಂದು ಕುಗ್ಗಿಸಿದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಪರ್ಸಿನಲ್ಲಿಟ್ಟುಕೊಂಡೆ.

ಮದುವೆಯ ಕ್ಯಾಸೆಟ್ ನೋಡಲು, ಈಗಲೂ ಎಲ್ಲರೂ ಹಾಗೇ ಅನ್ನುವುದು, ಬೀಗರೆಲ್ಲ ಮೂರ್ತಪ್ಪನವರ ನಡುಮನೆಯಲ್ಲಿ ಕೂತರು. ಇವರು ಹೊಸ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿದರು. ಡಿಸ್ಕು ತೂರಿಸುವ ಬಾಯಿಯೇ ಇಲ್ಲ! ಈಗ ಆಟಗಳು ಇಂಟರ್‌ನೆಟ್ಟಿನಿಂದಲೇ ಇಳಿಯುವುದರಿಂದ ಬಾಯಿಲ್ಲದ್ದನ್ನೂ ಮಾರುತ್ತಾರೆ. ಮೂರ್ತಪ್ಪ ಅಂಥದ್ದನ್ನೇ ತಂದಿದ್ದರು.

"ನಿನ್ನ ಮಾತು ಕಟ್ಕೊಂಡು ಬೀಗರ ಮುಂದೆ ಮಾನ ಹೋತಲ್ಲಪ್ಪ!" ಎಂದು ಮೂರ್ತಪ್ಪ ಇವರ ಮೇಲೆ ಕೂಗಾಡಿದರು.

ಇವರು ಡಿಸ್ಕು ಹಿಡಿದುಕೊಂಡೇ ಪೆಟ್ಟಿಗೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಪೆನ್‌ಡ್ರೈವ್ ಕೊಟ್ಟರೆ ಇವರ ಮಾತು ಮಣ್ಣುಪಾಲು. ಕೊಡದಿದ್ದರೆ ಅಂಗಡಿಯ ಹೆಸರು ಮಣ್ಣುಪಾಲು. "ಎಷ್ಟ್ ಬಡ್ಕಂಡೆ" ಎಂದು ಹಲ್ಲು ಕಡಿಯುತ್ತ ಎದ್ದು, ಪೆನ್‌ಡ್ರೈವನ್ನು ಟಿವಿಗೆ ಸಿಗಿಸಿದೆ.

ನಡುಮನೆ ತುಂಬ ನಗು, ಚಪ್ಪಾಳೆ. "ಎಷ್ಟ್ ಚೆನ್ನಾಗೈತೆ! ಇದೇ ಸಾಕಾಗಿತ್ತಲ್ಲ" ಎಂದರು ಮೂರ್ತಪ್ಪ.

ಪರದೆಯ ಮೇಲೆ ಅಕ್ಷತೆ ಬೀಳುತ್ತಿತ್ತು. ಡಿಸ್ಕಿನಲ್ಲಿ ಒಂದೊಂದು ಕಾಳೂ ಬೇರೆಬೇರೆಯಾಗಿ ಕಾಣುತ್ತದೆ. ಅದಕ್ಕಾಗಿಯೇ ಇವರು ಮಂಟಪದ ಮೂಲೆಯಲ್ಲಿ ಮಂಡಿಯೂರಿ ಕಾದಿದ್ದರು. ಇಲ್ಲಿ ಬರೀ ಹಳದಿ ಮಸುಕು. ಅದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಇವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀನೇ ಗೆದ್ದೆ ಬಿಡು" ಎಂದು ಡಿಸ್ಕನ್ನು ಚೀಲಕ್ಕೆ ತುರುಕಿದರು.

ಇಷ್ಟು ವರ್ಷ ಇವರ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ಅಲ್ಲಿ ಕೂತವರ ಮೇಲೆ ತಿರುಗಿತು.

"ಕಣ್ಣದಾವೇನ್ರಿ ನಿಮಗೆ?" ಎಂದು ಕಿರುಚಿ ಪೆನ್‌ಡ್ರೈವ್ ಕಿತ್ತೆ. ತಾಳಿ ಕಟ್ಟುವ ಹೊತ್ತಿಗೇ ಟಿವಿ ಕಪ್ಪಾಯಿತು.

"ಏಳ್ರಿ," ಎಂದೆ ಇವರಿಗೆ. "ಹಿರಿಯೂರಿಗೆ ಹೋಗಿ ಅಂಗಡೀಲಿರೋ ನಮ್ಮ ಹಳೇ ಆಟದ ಪೆಟ್ಟಿಗೆ ತರಾಣ, ಅದಕ್ಕೆ ಬಾಯಿ ಐತೆ. ನಾವು ಬರೋತನಕ ಇಲ್ಲಿ ಕೂತೋರು ಒಬ್ರೂ ಏಳಂಗಿಲ್ಲ."