ಫಕೀರವ್ವನಿಗೆ ಮತ್ತೆ ಬಂದ ಜ್ವರ

ಮೈಸೂರಿನಿಂದ ರೈಲು, ಬಸ್ಸು ಹತ್ತಿಳಿದು ನಿಜಾಮರ ಆಳ್ವಿಕೆಯ ಕುಷ್ಟಗಿ ಮುಟ್ಟಿದರೆ, ಕನ್ನಡ ಮಾತಾಡುವ ಊರಿನ ಆಸ್ಪತ್ರೆಗೆ ಉರ್ದು ಹಲಗೆ! ನರ್ಸ್ ಕೆಲಸಕ್ಕೆ ಬಂದ ನಾನು ದವಾಖಾನೆ ಯಾವುದೆಂದು ದಾರಿಹೋಕರನ್ನು ಕೇಳಬೇಕಾಯಿತು.

ಬಾಡಿಗೆಗೆ ಸಿಕ್ಕಿದ್ದು ಫಕೀರವ್ವನ ಮನೆಯ ಒಂದು ಕೋಣೆ. ಐವತ್ತರ ಹತ್ತಿರದ ವಿಧವೆ, ಬಾಯಿ ಜೋರು. ಅನ್ನಕ್ಕೆ ಹಂಬಲಿಸುತ್ತಿದ್ದ ನನ್ನ ಮುಂದೆ ಬಿಸಿ ರೊಟ್ಟಿ ಇಟ್ಟು, “ಉಣ್ರಿ ಅಕ್ಕಾರ, ಬರೇ ಅನ್ನ ತಿಂದು ಕಡ್ಡಿ ಆಗೀರಿ” ಎಂದು ಗದರಿದಳು. ನಮ್ಮ ಕಡೆ ಬಾಡಿಗೆಯವರನ್ನು ಯಾರೂ ಹೀಗೆ ಗದರುವುದಿಲ್ಲ. ಮೊದಮೊದಲು ಸಿಟ್ಟು ಬಂತು, ಆಮೇಲೆ ಹಿತವಾಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಒಂದು ಚಳಿಗಾಲ ನಮ್ಮ ಓಣಿಗೆ ಇನ್‌ಫ್ಲುಯೆಂಜಾ ಹೊಕ್ಕಿತು. ಸಿಡುಬು ಬಂದ ಮನೆಗೆ, ಹಿಂದೆ ಸಿಡುಬು ಬಂದು ಬದುಕಿದವರೇ ಆರೈಕೆಗೆ ಹೋಗುವುದು ಇಲ್ಲಿನ ರೂಢಿ. ಅದೇ ಲೆಕ್ಕದಲ್ಲಿ ಫಕೀರವ್ವ ಸೆರಗು ಸಿಕ್ಕಿಸಿ ಹೊರಟಳು.

“ಹೊಸದಾಗಿ ಮದುವಿ ಆದಾಗ ಊರೂರು ಖಾಲಿ ಮಾಡಿದ ಇದ ದೊಡ್ಡ ಜ್ವರ ನನಗ ಬಂದು ಹೋಗೈತ್ರಿ. ಇನ್ನ ಅದು ನನ್ನ ಹತ್ರ ಸುಳಿಯಾಂಗಿಲ್ಲ.”

ಓದಿದವಳು ನಾನು, ಹೌದೆಂದು ತಲೆಯಾಡಿಸಿಬಿಟ್ಟೆ!

ಐದನೆಯ ದಿನ ಅವಳೇ ಹಾಸಿಗೆ ಹಿಡಿದಳು. ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು: ಈ ವೈರಸ್ಸು ಮೂಗು, ಗಂಟಲಿನ ಜೀವಕೋಶಕ್ಕೆ ಅಂಟಿ ಒಳಗೆ ನುಗ್ಗುತ್ತದೆ, ಆ ಕೋಶದ ಕೈಯಲ್ಲೇ ತನ್ನಂಥವನ್ನು ಲೆಕ್ಕವಿಲ್ಲದಷ್ಟು ಮಾಡಿಸಿಕೊಂಡು ಹೊರಬೀಳುತ್ತದೆ. ದೇಹ ಅದರ ಗುರುತನ್ನು ನೆನಪಿಡುತ್ತದೆ ನಿಜ. ಆದರೆ ಸಿಡುಬಿನಂತಲ್ಲ, ಇದು ಮೇಲಿನ ಹೊದಿಕೆಯನ್ನು ಬದಲಿಸುತ್ತಲೇ ಇರುತ್ತದೆ. ಹಳೆಯ ಗುರುತು ಇಟ್ಟುಕೊಂಡು ಕಾಯುವ ದೇಹಕ್ಕೆ ಹೊಸದು ಬಂದದ್ದೇ ತಿಳಿಯುವುದಿಲ್ಲ.

ಒಂಬತ್ತು ದಿನ ಗಂಜಿ ಕುಡಿಸಿದೆ, ಬೆನ್ನು ಒರಸಿದೆ. ಈಕೆ ಸತ್ತರೆ ನಾನೇ ಕೊಂದಂತೆ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು. ಹತ್ತನೆಯ ದಿನ ಎದ್ದು ಗೋಡೆಗೆ ಒರಗಿ ಕೂತಳು. ನನ್ನ ತಪ್ಪನ್ನು ಹೇಳಿಕೊಂಡು ಅತ್ತುಬಿಟ್ಟೆ.

“ಅಳಬ್ಯಾಡ ಯವ್ವಾ. ನೀ ಇದ್ದಿ ಅಂತ ಉಳದೀನಿ. ಹೊಟ್ಟಿ ಹಸದೈತಿ, ಒಂದ ರೊಟ್ಟಿ ಬಡಿ.”

ಬಡಿದೆ. ಮೂರು ಕಡೆ ಹರಿಯಿತು. ನಕ್ಕು ನಕ್ಕು ಕೆಮ್ಮಿದಳು, ಪೂರ್ತಿ ತಿಂದಳು.

ಈಗ ರಜೆಗೆ ಮೈಸೂರಿಗೆ ಬಂದಿದ್ದೇನೆ. ಚಳಿ ಶುರುವಾಗುವ ಮೊದಲೇ ಹೊರಡಬೇಕು ಎಂದಾಗ ಅಮ್ಮ ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಿ, “ಇದು ನಿನ್ನ ಮನೆಯಲ್ಲವೇನೇ?” ಎಂದಳು.

ಹೌದಮ್ಮ, ಇದೇ. ಆದರೆ ಫಕೀರವ್ವ ಮತ್ತೆ ಸೆರಗು ಸಿಕ್ಕಿಸಿ ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲಲು ನಾನು ಅಲ್ಲಿರಬೇಕು.